ಗುಮ್ಮಣ್ಣನ ನಾದ ಇವತ್ತು ಎಲ್ಲೀವರೆಗೆ ಬಂತು?

ಶನಿವಾರ ಬೆಳಗಿನ ಐದೂಮುಕ್ಕಾಲು. ಕಿಟಕಿಗೆ ಬೆಳಕು ಬಂದಿದೆ, ಕೋಣೆಯೊಳಗೆ ಇನ್ನೂ ಬಂದಿಲ್ಲ. ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ, ಹಲಗೆ ಹಾಸಿದ ನೆಲದ ಮೇಲೆ, ಐವತ್ತೆಂಟರ ಗುಮ್ಮಣ್ಣ ಕಣ್ಣು ಮುಚ್ಚಿ ನಿಂತಿದ್ದಾರೆ. ಹೆಗಲಿಗೆ ಒರಗಿರುವುದು ಅವರಿಗಿಂತ ಒಂದು ಗೇಣು ಎತ್ತರದ ಡಬಲ್ ಬಾಸ್. ನೋಡಿಲ್ಲದವರಿಗೆ ಹೇಳುವುದಾದರೆ, ಪಿಟೀಲಿಗೊಬ್ಬ ಮುತ್ತಜ್ಜ ಇದ್ದಿದ್ದರೆ ಹೀಗಿರುತ್ತಿದ್ದ. ಎಲ್ಲಕ್ಕಿಂತ ದಪ್ಪ ತಂತಿಯ ಮೇಲೆ ತೋರುಬೆರಳನ್ನು ಉದ್ದಕ್ಕೆ ಮಲಗಿಸಿ, ತೋಳಿನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಮೆಲ್ಲಗೆ ಜಾರಿಸುತ್ತಾರೆ. ಗುಂ... ಎಂದು ಹೊರಟ ಸದ್ದು ಕೋಣೆಯನ್ನೊಮ್ಮೆ ಸುತ್ತಿ, ಎಲ್ಲೋ ಮೂಲೆಯಲ್ಲಿ ನಿದ್ದೆಹೋಗುತ್ತದೆ. ಅದು ಪೂರ್ತಿ ಆರುವ ತನಕ ಅವರು ಇನ್ನೊಂದನ್ನು ಮೀಟುವುದಿಲ್ಲ.

ಪಕ್ಕದ ಕೋಣೆಯಲ್ಲಿ ಅವರಿಗೆ ಬೆನ್ನು ಹಾಕಿ, ಹೊಲಿಗೆ ಯಂತ್ರದ ಮುಂದೆ, ಬರಿಗಾಲನ್ನು ಹಲಗೆಗೆ ಊರಿ ಕೂತಿರುವವರು ಅಕ್ಕ. ವಯಸ್ಸು ಅರವತ್ತಾರು. ಹದಿನೆಂಟರಲ್ಲಿ ಬಂದ ಜ್ವರ ಹೋಗುವಾಗ ಎರಡು ಕಿವಿಗಳನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆದರೂ ಈ ಮನೆಯಲ್ಲಿ ಸಂಗೀತದ ಪರೀಕ್ಷಕರು ಅವರೇ. ಗುಮ್ಮಣ್ಣ ವಾದ್ಯವನ್ನು ಗೋಡೆಗೆ ಒರಗಿಸಿ ಬಂದು, ತುಟಿ ಕಾಣುವಂತೆ ಎದುರು ನಿಂತು ಕೇಳುತ್ತಾರೆ, "ಅಕ್ಕ, ಎಲ್ಲೀವರೆಗೆ ಬಂತು?"

"ಮೊಣಕಾಲು," ಎನ್ನುತ್ತಾರೆ ಅಕ್ಕ, ತಮ್ಮ ದನಿ ತಮಗೇ ಕೇಳದವರ ಗಟ್ಟಿ ದನಿಯಲ್ಲಿ. "ಅದೂ ಕುಂಟ್ಕೊಂಡು ಬಂತು."

ಗುಮ್ಮಣ್ಣನ ಮುಖ ಸಪ್ಪಗಾಗುತ್ತದೆ. ಎರಡು ತಿಂಗಳ ಹಿಂದೆ ದಿನಾ ಎದೆಯವರೆಗೆ ಬರುತ್ತಿದ್ದ ನಾದವದು. ಅಕ್ಕನ ಅಳತೆಗೋಲು ಸರಳ: ಹಿಮ್ಮಡಿ ಎಂದರೆ ಬರೀ ಸದ್ದು, ಸೊಂಟ ಎಂದರೆ ಪರವಾಗಿಲ್ಲ, ಎದೆ ಎಂದರೆ ತುಂಬಿದ ನಾದ. ಒಂದೇ ಒಂದು ಸಲ ಕುತ್ತಿಗೆ ಮುಟ್ಟಿದ್ದುಂಟು, ಅವತ್ತು ಅಕ್ಕ ಹೊಲಿಗೆ ನಿಲ್ಲಿಸಿ ಅತ್ತುಬಿಟ್ಟಿದ್ದರು. ಕಾಲಿನಿಂದ ಕೇಳುವುದು ಅವರಿಗೆ ಹೊಸದಲ್ಲ. ನಲವತ್ತು ವರ್ಷದಿಂದ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಾರೆ, ಸೂಜಿ ಮೊಂಡಾದರೆ ಮೊದಲು ತಿಳಿಯುವುದು ಪಾದಕ್ಕೇ ಅಂತೆ.

ಇನ್ನು ಹೆಸರಿನ ಕಥೆ. ಆಳೆತ್ತರದ ಕಪ್ಪು ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಮೂವತ್ತೆಂಟು ಮೆಟ್ಟಿಲು ಇಳಿದು ಬೀದಿಗೆ ಬರುವ ಇವರನ್ನು ತೋರಿಸಿ, ಊಟಕ್ಕೆ ಹಟ ಮಾಡುವ ಮಕ್ಕಳಿಗೆ ತಾಯಂದಿರು "ನೋಡು, ಗುಮ್ಮ ಬಂದ" ಎನ್ನುತ್ತಿದ್ದರು. ಸದ್ದೂ ಗುಂ ಎನ್ನುವುದೇ ಆದ್ದರಿಂದ ಹೆಸರು ಅಂಟಿಕೊಂಡಿತು. "ನನ್ನಿಂದ ಎಷ್ಟು ಮಕ್ಕಳ ಹೊಟ್ಟೆ ತುಂಬಿದೆ ಗೊತ್ತಾ? ಆ ಪುಣ್ಯ ಎಲ್ಲಿಗೆ ಹೋಗತ್ತೆ?" ಎಂದು ನಗುತ್ತಾರೆ.

ಮೂವತ್ತೊಂದು ವರ್ಷದಿಂದ ಅವರು ದುಡಿಯುತ್ತಿರುವುದು ಒಂದು ಹಳೆಯ ಹೋಟೆಲಿನ ನೃತ್ಯದ ಹಾಲಿನಲ್ಲಿ. ಸಂಜೆ ಐದರಿಂದ ಏಳೂವರೆ. ಪಿಯಾನೊ, ಸ್ಯಾಕ್ಸೊಫೋನ್, ಡ್ರಮ್ಸ್, ಎಲ್ಲರ ಹಿಂದೆ ಪರದೆಗೆ ಒತ್ತಿಕೊಂಡು ಇವರು. ಒಂದು ಸಂಜೆಗೆ ಏಳೆಂಟು ಸಾವಿರ ಮೀಟು. ಚಪ್ಪಾಳೆ ಬೀಳುವುದು ಸ್ಯಾಕ್ಸೊಫೋನಿಗೆ. ಒಮ್ಮೆ ಯಾರೋ ಬಂದು, "ಇದು ನಿಜವಾಗ್ಲೂ ನುಡಿಯತ್ತಾ, ಇಲ್ಲಾ ಚೆಂದಕ್ಕೆ ಇಟ್ಟಿದೀರಾ?" ಎಂದು ಕೇಳಿದ್ದರಂತೆ. "ಅಡುಗೆಗೆ ಉಪ್ಪು ಹಾಕಿದವನನ್ನ ಯಾರು ಕೇಳ್ತಾರೆ? ಹಾಕೋದು ಮರೆತಾಗ ಕೇಳ್ತಾರೆ," ಎನ್ನುತ್ತಾರೆ.

ಆ ನಾದ ಸುಮ್ಮನೆ ಬಂದದ್ದಲ್ಲ. ಹುಡುಗನಾಗಿದ್ದಾಗ ದೊಡ್ಡ ಸದ್ದು ಬೇಕೆಂದು ತಂತಿಯನ್ನು ಎಳೆದೆಳೆದು ಬೆರಳಿಗೆ ಬೊಬ್ಬೆ ಬರಿಸಿಕೊಂಡಿದ್ದರು. ಮೇಷ್ಟ್ರು ಬೆನ್ನಿಗೊಂದು ಗುದ್ದಿ, "ಕಿತ್ಕೋಬೇಡ್ವೋ, ಅದೇನು ನಿಂಗೆ ಬಾಕಿ ಇಟ್ಕೊಂಡಿದೆಯಾ? ಒರಗು. ಸುಮ್ನೆ ಒರಗು," ಎಂದರು. ಒರಗುವುದನ್ನು ಕಲಿಯಲು ಹನ್ನೊಂದು ವರ್ಷ ಹಿಡಿಯಿತು. ಇವತ್ತಿಗೂ ಬೆಳಿಗ್ಗೆ ಒಂದೂವರೆ ಗಂಟೆ ಬೇರೇನೂ ಇಲ್ಲ: ಒಂದೊಂದು ತಂತಿಗೂ ಅರವತ್ತು ಮೀಟು, ಆಮೇಲೆ ಕಮಾನಿನಲ್ಲಿ ಒಂದೇ ಸ್ವರವನ್ನು ಉಸಿರಿನಷ್ಟು ಉದ್ದಕ್ಕೆ ಎಳೆಯುವುದು.

ಎರಡು ತಿಂಗಳ ಹಿಂದೆ ಬಸ್ಸಿನ ಬಾಗಿಲಿಗೆ ತೋರುಬೆರಳು ಸಿಕ್ಕಿತು. ಉಗುರು ಉದುರಿ ಹೊಸದು ಮೂಡತೊಡಗಿತು, ನೋವೂ ಹೋಯಿತು, ಆದರೆ ನಾದ ಸೊರಗಿತು. ಹೋದ ವಾರ ಪಿಯಾನೊ ನುಡಿಸುವ ಮೇಡಂ, ತಂಡದ ಯಜಮಾನಿ, ಮೆತ್ತಗೆ ಹೇಳಿದರು, "ಬೇಜಾರು ಮಾಡ್ಕೋಬೇಡಿ ಗುಮ್ಮಣ್ಣ. ಹಿಂದಿನ ಟೇಬಲ್‌ಗಳಿಗೆ ನೀವು ಕೇಳಿಸ್ತಾನೇ ಇಲ್ಲ. ಶನಿವಾರದವರೆಗೆ ನೋಡೋಣ. ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ಕೀಬೋರ್ಡಲ್ಲೇ ಈ ಸದ್ದು ಮಾಡ್ಕೋತೀವಿ." ಕೀಬೋರ್ಡು ಬಂದೂ ಆಯಿತು. ಡಬ್ಬ ಪಿಯಾನೊ ಪಕ್ಕದಲ್ಲೇ ಕೂತಿದೆ.

ಕೆಲಸ ಹೋದೀತೆಂಬ ಭಯ ಇಲ್ಲದಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಬೇರೆಯದು. ಪ್ರತಿ ಶನಿವಾರ ಅಕ್ಕ ಆ ಹಾಲಿಗೆ ಬಂದು, ವೇದಿಕೆಗೆ ಅಂಟಿದ ಕುರ್ಚಿಯಲ್ಲಿ ಕೂತು, ಚಪ್ಪಲಿ ಕಳಚಿ ಮರದ ನೆಲಕ್ಕೆ ಕಾಲಿಡುತ್ತಾರೆ. "ಕೀಬೋರ್ಡಿನ ಸದ್ದು ಗೋಡೆ ಮೇಲಿನ ಸ್ಪೀಕರಿಂದ ಬರೋದು. ನೆಲಕ್ಕೆ ಇಳಿಯಲ್ಲ. ಅಕ್ಕಂಗೆ ಇರೋದೇ ಅದೊಂದು ಸಂಗೀತ," ಎನ್ನುವಾಗ ಗುಮ್ಮಣ್ಣ ಬೆರಳನ್ನು ನೋಡಿಕೊಳ್ಳುತ್ತಾರೆ, ತಪ್ಪು ಮಾಡಿದ ಮಗುವನ್ನು ನೋಡುವ ಹಾಗೆ.

ಹೀಗೆ ಮಾತಾಡುತ್ತಿರುವಾಗಲೇ ಅಕ್ಕನ ಕೈಯಿಂದ ನೂಲಿನ ರೀಲೊಂದು ಜಾರಿ, ಹಲಗೆಯ ಮೇಲೆ ಉರುಳುತ್ತ ಉರುಳುತ್ತ ಗುಮ್ಮಣ್ಣನ ಕೋಣೆ ಸೇರುತ್ತದೆ. ಅದರ ಹಿಂದೆಯೇ ಹೋಗಿ ಹೆಕ್ಕಲು ಬಗ್ಗಿದ ಅಕ್ಕ ಬಗ್ಗಿದಂತೆಯೇ ಉಳಿಯುತ್ತಾರೆ. ವಾದ್ಯದ ಬುಡದಲ್ಲಿ ನೆಲಕ್ಕೂರುವ ಕಬ್ಬಿಣದ ಒಂಟಿಕಾಲೊಂದಿದೆ. ಅದರ ತುದಿಯಲ್ಲಿ ಏನೋ ಕಪ್ಪಗೆ ಕಾಣುತ್ತಿದೆ.

"ಇದೇನೋ ಇದು?" ತಲೆಯೆತ್ತಿ ತಮ್ಮನ ತುಟಿ ನೋಡುತ್ತ ಕೇಳುತ್ತಾರೆ.

"ರಬ್ಬರು. ಊರುಗೋಲಿಗೆ ಹಾಕೋದು. ಹೋಟೆಲಿನ ಹಾಲಲ್ಲಿ ನೆಲಕ್ಕೆ ಹೊಸ ಪಾಲಿಶ್ ಆಯ್ತಲ್ಲ, ತೂತು ಬೀಳತ್ತೆ ಅಂತ ಮ್ಯಾನೇಜರ್ ಹಾಕ್ಸಿದ್ರು."

"ಯಾವಾಗ?"

ಗುಮ್ಮಣ್ಣ ಬೆರಳು ಮಡಿಸಿ ವಾರ ಎಣಿಸುತ್ತಾರೆ. ಬೆರಳು ಸಿಕ್ಕಿದ ವಾರವೇ!

"ಅಯ್ಯೋ ಪೆದ್ದೇ, ಅದಕ್ಕೆ ಚಪ್ಪಲಿ ಹಾಕ್ಸಿದೀಯಲ್ಲೋ! ನಾನು ಬರಿಗಾಲಲ್ಲಿ ಕೂತಿದೀನಿ, ಅದು ಚಪ್ಪಲಿ ಹಾಕ್ಕೊಂಡು ನಿಂತಿದೆ. ನಂಗೆ ಹೆಂಗೋ ಕೇಳ್ಬೇಕು?"

ತನ್ನ ತಪ್ಪನ್ನು ಬೆರಳಿನ ತಲೆಗೆ ಕಟ್ಟಿ ರಬ್ಬರು ಎರಡು ತಿಂಗಳು ತಣ್ಣಗೆ ಕೂತಿತ್ತು. ಗುಮ್ಮಣ್ಣ ತಲೆ ಚಚ್ಚಿಕೊಂಡು ನಗುತ್ತಾರೆ, ಕಣ್ಣಲ್ಲಿ ನೀರೂ ಇದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಜನ ಆಡ್ಕೋತಾರಲ್ಲ, ಅದಕ್ಕೆ ಹೆದರಿ ನೆಲದ ಕಡೆ ನೋಡ್ಲೇ ಇಲ್ಲ. ಈ ಸಲ ನಿಜವಾಗ್ಲೂ ನೆಲಾನೇ ಡೊಂಕು!"

ಹಾಲಿನ ಪಾಲಿಶ್ ಕೆಡುವಂತಿಲ್ಲವಲ್ಲ? ಅಕ್ಕ ಅಡುಗೆಮನೆಗೆ ಹೋಗಿ ತರಕಾರಿ ಹೆಚ್ಚುವ ಹಲಗೆಯನ್ನು ಒರೆಸಿ ತರುತ್ತಾರೆ. ಕತ್ತರಿಯ ತುದಿಯಿಂದ ನಡುವೆ ಒಂದು ಕುಳಿ ತೋಡುತ್ತಾರೆ. ರಬ್ಬರು ಕಳಚಿದ ಕಾಲು ಅದರಲ್ಲಿ ಸರಿಯಾಗಿ ಕೂರುತ್ತದೆ.

ಸಂಜೆ ಐದು. ಉದ್ದನೆಯ ಕಿಟಕಿಗಳಿಂದ ಜೇನಿನ ಬಣ್ಣದ ಬಿಸಿಲು ಓರೆಯಾಗಿ ಬಿದ್ದಿದೆ. ಏಳೆಂಟು ಜೋಡಿಗಳು, ಹೆಚ್ಚಿನವರು ನರೆಗೂದಲಿನವರು, ನಿಧಾನವಾಗಿ ತಿರುಗುತ್ತಿದ್ದಾರೆ. ಗುಮ್ಮಣ್ಣ ಹಲಗೆಯ ಕುಳಿಗೆ ವಾದ್ಯದ ಕಾಲೂರಿ, ಬೆರಳು ಮಲಗಿಸಿ, ಒರಗುತ್ತಾರೆ. ಮೊದಲ ಸ್ವರಕ್ಕೇ ಬಾಗಿಲ ಬಳಿಯ ಟೇಬಲ್ಲಿನಲ್ಲಿ ಚಮಚವೊಂದು ತಟ್ಟೆಯ ಮೇಲೆ ಸಣ್ಣಗೆ ನಡುಗುತ್ತದೆ. ಕುಣಿಯುವವರ ಕಾಲುಗಳು ಎಲ್ಲೂ ತಡವರಿಸದೆ ಸಾಗುತ್ತವೆ, ಏಕೆಂದು ಯಾರೂ ಕೇಳಿಕೊಳ್ಳುವುದಿಲ್ಲ. ಕೇಳಿಕೊಂಡವರು ಮೇಡಂ ಒಬ್ಬರೇ. ನುಡಿಸುತ್ತಲೇ ಒಮ್ಮೆ ಹಿಂದಿರುಗಿ ನೋಡುತ್ತಾರೆ. ಮೂರನೆಯ ಹಾಡು ಮುಗಿದಾಗ ಕೀಬೋರ್ಡಿನ ಬಿಚ್ಚದ ಡಬ್ಬದ ಮೇಲೆ ತಮ್ಮ ಟೀ ಕಪ್ಪನ್ನು ಇಡುತ್ತಾರೆ. "ಗುಮ್ಮಣ್ಣ, ಕಪ್ಪು ಇಡೋಕೆ ಒಳ್ಳೇ ಜಾಗ ಆಯ್ತು ನೋಡಿ. ಇದು ಇಲ್ಲೇ ಇರ್ಲಿ."

ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಅಕ್ಕ ಕಣ್ಣು ಮುಚ್ಚಿದ್ದಾರೆ. ಚಪ್ಪಲಿಗಳು ಕುರ್ಚಿಯ ಕೆಳಗೆ ಜೋಡಿಯಾಗಿ ಕೂತಿವೆ. ತಮ್ಮನ ಕಡೆ ತಿರುಗದೆಯೇ ಬಲಗೈ ಎತ್ತಿ, ಕತ್ತಿನ ಬುಡದಲ್ಲಿ ಎರಡು ಬೆರಳಿಟ್ಟು ತೋರಿಸುತ್ತಾರೆ. ಕುತ್ತಿಗೆ. ಜನ್ಮಕ್ಕೆ ಎರಡನೆಯ ಸಲ.

ಏಳೂವರೆಗೆ ಜನರೆಲ್ಲ ಹೋದ ಮೇಲೆ, ವಾದ್ಯಕ್ಕೆ ಚೀಲ ತೊಡಿಸುತ್ತಿರುವ ಗುಮ್ಮಣ್ಣನನ್ನು ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ಅಕ್ಕನಿಗೆ ತುಟಿ ಕಾಣದಂತೆ ಗೋಡೆಯ ಕಡೆ ತಿರುಗುತ್ತಾರೆ. "ನನ್ನನ್ನ ಯಾರೂ ನೋಡೋದು ಬೇಡ, ಚಪ್ಪಾಳೇನೂ ಬೇಡ. ಕುತ್ತಿಗೆವರೆಗೆ ಬಂತಲ್ಲ, ಇನ್ನು ಒಂದು ಗೇಣು. ಒಂದೇ ಒಂದ್ಸಲ ಅವಳ ಕಿವಿವರೆಗೆ ಹೋದ್ರೆ ಸಾಕು."

"ಏನೋ ಅದು ಗೋಡೆ ಹತ್ರ ಗುಸುಗುಸು?" ಅಕ್ಕನ ದನಿ ಖಾಲಿ ಹಾಲನ್ನು ತುಂಬುತ್ತದೆ.

ಗುಮ್ಮಣ್ಣ ಕಣ್ಣೊರೆಸಿಕೊಂಡು, ಹೆಚ್ಚುವ ಹಲಗೆಯನ್ನು ಕಂಕುಳಿಗೆ ಸೇರಿಸಿ, ಅವರ ಕಡೆ ತಿರುಗುತ್ತಾರೆ.

"ಏನಿಲ್ಲ ಅಕ್ಕ. ಚಪ್ಪಲಿ ಹಾಕ್ಕೋ, ಮನೆಗೆ ಹೋಗೋಣ ಅಂದೆ."