ಒಡಪಿಲ್ಲದ ಹೆಸರು

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಮದುವೆ, ಬಸುರಿಗೆ ಮಾಡುವ ಕುಬುಸ, ತೊಟ್ಟಿಲು ಇಂಥ ದಿನಗಳಲ್ಲಿ ಮಾತ್ರ ರಿಯಾಯಿತಿ. ಆಗ ಹೆಂಗಸರು ಸುತ್ತುಗಟ್ಟಿ ಪೀಡಿಸುತ್ತಾರೆ. ಪ್ರಾಸ ಕಟ್ಟಿ, ನಡುವೆ ಆ ಹೆಸರನ್ನು ಸೇರಿಸಿ, ಹೊಗಳಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತೇವೆ. ನಾನು ಅದರಲ್ಲಿ ಎತ್ತಿದ ಕೈ. ಮದುವೆಯಾಗಿ ಸಿಂದಗಿಗೆ ಹೋದ ದಿನ ಹೊಸ್ತಿಲಲ್ಲಿ ನಿಲ್ಲಿಸಿ ಕೇಳಿದರು, ತಡವರಿಸದೆ ಒಗೆದೆ: "ಇಂಡಿ ಲಿಂಬಿ ಹುಳಿ ಐತಿ, ಸಿಂದಗಿ ಬಿಸಲು ಸುಡತೈತಿ, ಇಂಥವರ ನೆರಳಾಗ ನನ್ನ ಜೀವ ತಣ್ಣಗೈತಿ." 'ಇಂಥವರ' ಎಂದಲ್ಲಿ ಅವನ ಹೆಸರಿತ್ತು. ಎಲ್ಲರೂ ನಕ್ಕು ದಾರಿ ಬಿಟ್ಟರು. ಒಳಗೆ ಕಾಲಿಡುವ ಮುಂಚೆಯೇ ಅಷ್ಟು ದೊಡ್ಡ ಸುಳ್ಳು ಹೇಳಿದ್ದೆ, ಗೊತ್ತಿರಲಿಲ್ಲ ಅಷ್ಟೆ.

ಅವನು ಕುಡಿಯುತ್ತಿರಲಿಲ್ಲ. ಎಲ್ಲರೂ ಮೊದಲು ಕೇಳುವುದು ಅದನ್ನೇ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಕುಡಿಯುತ್ತಾನೇನು? ಇಲ್ಲ. ಇಸ್ಪೀಟು? ಇಲ್ಲ. ಹಾಗಾದರೆ ಮತ್ತೇನವ್ವಾ ನಿನ್ನ ತಕರಾರು, ಎಂದು ಕೈ ಝಾಡಿಸಿ ಎದ್ದುಬಿಡುತ್ತಿದ್ದರು. ಬೋರ್‌ವೆಲ್ ಮೋಟರಿನ ಅಂಗಡಿ, ಮೆತ್ತನೆಯ ಮಾತು, ಊರಲ್ಲಿ ಒಳ್ಳೆಯ ಹೆಸರು. ಮನೆಗೆ ಬಂದು ಚಿಲಕ ಹಾಕಿ, ಟಿವಿ ಸದ್ದು ದೊಡ್ಡದು ಮಾಡಿ, ಆಮೇಲೆ ಹೊಡೆಯುತ್ತಿದ್ದ. ಇವತ್ತಿಗೂ ಯಾರಾದರೂ ಟಿವಿ ಸದ್ದು ಏರಿಸಿದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತೇನೆ. ಬಲಗೈ ಮುರಿದಾಗ ಡಾಕ್ಟರ ಮುಂದೆ ಬಚ್ಚಲಲ್ಲಿ ಜಾರಿ ಬಿದ್ದೆ ಎಂದೆ. ಅವನು ಪಕ್ಕದಲ್ಲೇ ನಿಂತು ನನ್ನ ತಲೆ ಸವರುತ್ತಿದ್ದ.

ರೊಟ್ಟಿ ಬಡಿಯಲಾಗದ ಸೊಸೆಯನ್ನು ಇಟ್ಟುಕೊಂಡು ಏನು ಮಾಡುವುದೆಂದು ಅತ್ತೆ ನನ್ನನ್ನು ಝಳಕಿಗೆ, ತವರಿಗೆ ಕಳಿಸಿದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕರೆದೊಯ್ಯುತ್ತೇವೆ ಎಂದರು. ತವರಲ್ಲಿ ಅವ್ವ ಮತ್ತು ಅಣ್ಣ ಇದ್ದರು, ಅಪ್ಪ ತೀರಿಕೊಂಡು ಬಹಳ ದಿನವಾಗಿತ್ತು. ಅಲ್ಲೂ ಅದೇ ಬಚ್ಚಲಿನ ಕಥೆ ಹೇಳಿದೆ. ಕೈ ಬೇಗ ಕೂಡಲೆಂದು ಅವ್ವ ದಿನಾ ದೇವರಿಗೆ ದೀಪ ಹಚ್ಚುತ್ತಿದ್ದಳು. ನಾನು ಮಾತ್ರ ಅದು ಕೂಡದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಅಣ್ಣ ಲಿಂಬೆಹಣ್ಣಿನ ಚೀಲ ಹೇರಿಕೊಂಡು ಇಂಡಿ ಮಾರ್ಕೆಟ್ಟಿಗೆ ಹೋಗುವಾಗ ನನ್ನನ್ನು ಆಸ್ಪತ್ರೆಯ ಗೇಟಿನಲ್ಲಿ ಇಳಿಸುತ್ತಿದ್ದ. ಅಲ್ಲಿಂದ ಒಂದು ಓಣಿ ಆಚೆ ಮಹಿಳೆಯರ ಕೌನ್ಸೆಲಿಂಗ್ ನಡೆಯುವ ಕೋಣೆಯೊಂದಿತ್ತು. ಹೆಣ್ಣುಮಕ್ಕಳು ತಲೆತುಂಬ ಸೆರಗು ಹೊದ್ದು ಒಳಗೆ ಹೋಗುವುದನ್ನು ನೋಡಿದ್ದೆ. ಒಂದು ದಿನ ನಾನೂ ಹೋದೆ. ಲಿಂಬೆಯ ಹರಾಜು ಮುಗಿಸಿ ಅಣ್ಣ ಬರುವಷ್ಟರಲ್ಲಿ ಗೇಟಿಗೆ ಮರಳಬೇಕಿತ್ತು. ಒಂದು ಕಣ್ಣು ಸದಾ ಬಾಗಿಲ ಮೇಲೆಯೇ.

ಒಳಗಿದ್ದ ಮೇಡಂ ಮುದ್ದೇಬಿಹಾಳದ ಮುಸಲ್ಮಾನರ ಮನೆಯವರು. ನೀರು ಕೊಟ್ಟರು, ಬಾಗಿಲು ಕಾಣುವ ಹಾಗೆ ನನ್ನ ಕುರ್ಚಿ ತಿರುಗಿಸಿದರು. ಕೈಗೆ ಏನಾಯಿತು ಎಂದು ಕೇಳಿದಾಗ ಬಾಯಿ ತಾನಾಗಿ ಬಚ್ಚಲು ಎಂದಿತು. ಅವರು ಹೂಂ ಎಂದು ಸುಮ್ಮನಾದರು. ಆ ಸುಮ್ಮನಿರುವಿಕೆ ನನಗೆ ತಡೆಯಲಾಗಲಿಲ್ಲ.

"ಬಚ್ಚಲದಾಗ ಅಲ್ರಿ," ಎಂದೆ.

"ಯಾರು ಮುರದ್ರು ತಂಗಿ?"

ಅವನ ಹೆಸರು ಹೇಳಲು ಹೋದೆ, ಬರಲಿಲ್ಲ. ಒಡಪು ಹಾಕದೆ ಆ ಹೆಸರನ್ನು ನಾನು ಎಂದೂ ಹೇಳಿರಲಿಲ್ಲ. ಏನು ಮಾಡಿದರೂ ನಾಲಿಗೆಗೆ ಬಂದದ್ದು ಇಂಡಿ ಲಿಂಬೆ, ಸಿಂದಗಿ ಬಿಸಿಲು, ಅವನ ನೆರಳಿನಲ್ಲಿ ತಣ್ಣಗಿರುವ ನನ್ನ ಜೀವ. ಪ್ಲಾಸ್ಟರ್ ಕೈ ತೊಡೆಯ ಮೇಲಿಟ್ಟುಕೊಂಡು ಕೈ ಮುರಿದವನನ್ನೇ ಹಾಡಿ ಹೊಗಳುತ್ತಿದ್ದೆ. ನಗು ಬಂತು. ನಗುತ್ತಲೇ ಅಳು ಶುರುವಾಯಿತು.

ಆಮೇಲಿನ ವಾರಗಳಲ್ಲಿ ನಾವು ಮಾಡಿದ್ದು ಇಷ್ಟೇ. ನಡೆದದ್ದನ್ನು ನಡೆದ ಹಾಗೆ ಹೇಳುವುದು. ಹೆದರಿಕೆ ಮೈಯಲ್ಲಿ ಎಲ್ಲಿ ಕೂತಿದೆ ಎಂದು ಮೇಡಂ ಕೇಳುತ್ತಿದ್ದರು, ನಾನು ತೋರಿಸುತ್ತಿದ್ದೆ. ಉಸಿರು ಸಿಗದಾದಾಗ ಎರಡೂ ಕಾಲು ನೆಲಕ್ಕೆ ಊರಿಸಿ, ಕಣ್ಣೆದುರಿಗಿನ ಸಾಮಾನುಗಳನ್ನು ಒಂದೊಂದಾಗಿ ಹೇಳಿಸುತ್ತಿದ್ದರು. ಹೋಗಲೋ ಬಿಡಲೋ ನೀವೇ ಹೇಳಿಬಿಡಿ ಎಂದು ಒಮ್ಮೆ ಸಿಡುಕಿದೆ. "ಅದನ್ನ ನಾ ಹೇಳಿದ್ರ ನಿನ್ನ ಮ್ಯಾಲ ದರ್ಬಾರು ಮಾಡಾಕ ಇನ್ನೊಬ್ರು ಬಂದಂಗಾತು," ಎಂದರು. ಆದರೆ ನಾನು ಒಲ್ಲೆ ಎಂದರೆ ಯಾರೂ ನನ್ನನ್ನು ಎಳೆದೊಯ್ಯುವಂತಿಲ್ಲ, ಎಳೆಯಲು ಬಂದರೆ ಫೋನ್ ಹಚ್ಚು ಎಂದೂ ಹೇಳಿದರು. ಹೆಸರು ಮಾತ್ರ ಬರಲಿಲ್ಲ. ಅದನ್ನು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಒಂದು ದಿನ ಅವರಿಗೆ ವಿವರಿಸುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದೆ. ಅವನ ಟಿವಿಯ ಸದ್ದಿನೊಳಗೆ ನನ್ನ ಆಯುಷ್ಯ ಎಷ್ಟು ಹೋಗಿತ್ತೋ, ಅದನ್ನು ಯಾರೂ ಲೆಕ್ಕ ಹಿಡಿದಿರಲಿಲ್ಲ. ನನಗೆ ಬಂದ ಸಿಟ್ಟಿಗೆ ಕಿವಿ ಬಿಸಿಯಾದವು. ಮೇಡಂ ನೋಡಿ, "ಚೊಲೋ ಆತು," ಎಂದರು.

ಪ್ಲಾಸ್ಟರ್ ಬಿಚ್ಚಿದರು. ಸುದ್ದಿ ಸಿಂದಗಿಗೆ ಮುಟ್ಟಿತು. ಬರುವ ಅಮಾವಾಸ್ಯೆ ಕಳೆಯುತ್ತಲೇ ಹಿರಿಯರನ್ನು ಕರೆದುಕೊಂಡು ಬರುತ್ತೇವೆ ಎಂದು ಅವನ ಫೋನ್ ಬಂತು. ಆ ರಾತ್ರಿ ಅಣ್ಣನಿಗೂ ಅವ್ವನಿಗೂ ನಾ ಹೋಗುವುದಿಲ್ಲ ಎಂದೆ. ಯಾಕೆ ಎಂದರು. ಸಾಕಾಗಿದೆ ಎಂದಷ್ಟೇ ಹೇಳಲಾಯಿತು. ಹಿರಿಯರು ಬರಲಿ, ಮಾತಾಡೋಣ ಎಂದ ಅಣ್ಣ. ಅವ್ವ ನನ್ನ ಮುಖ ನೋಡಲಿಲ್ಲ.

ಅವರು ಬಂದರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ನಾಲ್ಕು ಮಂದಿ ಹಿರಿಯರು, ಅವನು, ಅವನ ಸೋದರತ್ತೆ. ಮನಗೂಳಿಯ ಈ ಸೋದರತ್ತೆ ಬಾಯಿ ಬಿಟ್ಟರೆ ಮಂದಿ ನಗಬೇಕು, ಅಂಥ ಹೆಂಗಸು. ಸಂಸಾರ ಅಂದಮೇಲೆ ಪಾತ್ರೆ ಭಾಂಡೆ ಸಪ್ಪಳ ಮಾಡುತ್ತವೆ ಎಂದರು ಒಬ್ಬ ಹಿರಿಯರು. ಎಲ್ಲರೂ ತಲೆಯಾಡಿಸಿದರು. ಪೆಟ್ಟು ತಿಂದ ಭಾಂಡೆಯನ್ನು ಯಾರೂ ಕೇಳಲಿಲ್ಲ. ಚಹಾ ಆಯಿತು. ನನ್ನನ್ನು ಹೊರಗೆ ಕರೆದು ಮಣೆಯ ಮೇಲೆ ಕೂರಿಸಿದರು. ಅವ್ವ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬುಸದ ಖಣ. ಉಡಿ ತುಂಬಿತೆಂದರೆ ಮಗಳು ಹೊರಟಳೆಂದೇ ಅರ್ಥ. ಸೆರಗಿನಲ್ಲಿ ಅಕ್ಕಿ ಭಾರವಾಗುತ್ತ ಹೋದ ಹಾಗೆ ನನಗೆ ಉಸಿರು ಸಿಗದಾಯಿತು. ಕಾಲು ನೆಲಕ್ಕೆ ಊರಿದೆ. ಜಮಖಾನೆ, ಚಹಾದ ಕಪ್ಪು, ಬಸಿ, ಅವನ ಬಿಳಿ ಅಂಗಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

"ಒಂದು ಹೆಸರು ಹೇಳಿ ಎದ್ದ ಬಿಡ ನಮ್ಮವ್ವ," ಎಂದಳು ಸೋದರತ್ತೆ. "ಎಲ್ಲಾರೂ ನಕ್ಕೋತ ಹೋಗೋಣು."

ಉಡಿ ತುಂಬುವುದಕ್ಕೆಂದು ಬಂದಿದ್ದ ಓಣಿಯ ಹೆಂಗಸರು ಆಗಲೇ ನಗತೊಡಗಿದ್ದರು. ಒಡಪು ಹಾಕಿಬಿಟ್ಟರೆ ಜಗಳ ಮುಗಿದಂತೆ, ನಾನೂ ನಕ್ಕಂತೆ, ಗಾಡಿ ಹತ್ತಿದಂತೆ. ಲಿಂಬೆ, ಬಿಸಿಲು, ನೆರಳು ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿದ್ದವು. ನಾನು ಅವನ ಹೆಸರು ಹೇಳಿದೆ. ಹಿಂದೆ ಮುಂದೆ ಏನೂ ಇಲ್ಲದ ಬರೀ ಹೆಸರು.

"ಈ ಕೈ ಮುರದಾಂವ ಇಂವ," ಎಂದೆ. "ನಾ ಜಾರಿ ಬಿದ್ದಿಲ್ಲ. ನಾ ಬರಂಗಿಲ್ಲ."

ಹಿರಿಯರೊಬ್ಬರು, "ನಾಲ್ಕು ಮಂದಿ ಮುಂದ ಗಂಡನ ಹೆಸರು ಹಿಡದ್ಲಲ್ಲೋ," ಎಂದು ಅಣ್ಣನ ಕಡೆ ತಿರುಗಿದರು. ಅವರೆಲ್ಲರ ಸಿಟ್ಟು ಅದಕ್ಕೇ. ಕೈಯ ವಿಷಯ ಯಾರ ಕಿವಿಗೂ ಬಿದ್ದಿರಲಿಲ್ಲ. ಅಣ್ಣ ನೆಲ ನೋಡುತ್ತ, ತಪ್ಪಾಯಿತು ಅನ್ನು ತಂಗಿ, ಮುಗಿದುಹೋಗಲಿ ಎಂದ. ಆಗ ಅವನು ಎದ್ದ. ಅದೇ ಮೆತ್ತನೆಯ ದನಿ.

"ಇರ್ಲಿ ಬಿಡ್ರಿ, ಸಿಟ್ಟಿನ್ಯಾಗ ಅಂದಾಳ. ಮನಿಗಿ ಹೋಗಿ ಮಾತಾಡ್ತೇವಿ."

ಆ ಮಾತಾಡುವುದು ಹೇಗಿರುತ್ತದೆ ಎಂದು ಆ ಪಡಸಾಲೆಯಲ್ಲಿ ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಫೋನ್ ಒಳಗೆ ಗೋಡೆಯ ಮಾಡದಲ್ಲಿತ್ತು. ಅವನು ಒಂದು ಹೆಜ್ಜೆ ಮುಂದೆ ಬಂದ.

ಅವ್ವ ನಮ್ಮಿಬ್ಬರ ನಡುವೆ ಬಂದು ನಿಂತಳು. ಅಳಿಯನ ಎದುರಿಗೆ ಅವಳು ಎಂದೂ ನಿಂತವಳಲ್ಲ. ಬಾಗಿಲ ಮರೆಯಿಂದಲೇ, ಅಳಿಯಂದ್ರು ಉಂಡರೇನು ಎಂದು ಬೇರೆಯವರ ಕೈಯಲ್ಲಿ ಕೇಳಿಸುತ್ತಿದ್ದವಳು. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ಅವನ ಮುಖ ನೋಡಿ, ಅವಳೂ ಅವನನ್ನು ಹೆಸರು ಹಿಡಿದು ಕರೆದಳು.

"ನಿನ್ನ ಚಾ ಆತಲ್ಲ, ಇನ್ನ ನಡಿ," ಎಂದಳು. "ನನ್ನ ಮಗಳು ಬರಂಗಿಲ್ಲ ಅಂದಾಳ."

ಸೋದರತ್ತೆ ಏನೋ ಅನ್ನಲು ಹೋದಳು. ಅವ್ವ ಅವಳ ಕಡೆ ತಿರುಗಿಯೂ ನೋಡದೆ ನನ್ನ ಸೆರಗು ಬಿಚ್ಚಿ, ಅಕ್ಕಿಯನ್ನೆಲ್ಲ ತನ್ನ ಉಡಿಗೆ ಸುರಿದುಕೊಂಡಳು. ಅವರು ಗೊಣಗುತ್ತ ಚಪ್ಪಲಿ ಮೆಟ್ಟಿದರು. ಗಾಡಿಯ ಸದ್ದು ಹೈವೇ ಮುಟ್ಟುವವರೆಗೂ ಅಣ್ಣ ಕೂತಲ್ಲಿಂದ ಏಳಲಿಲ್ಲ.

ಅವ್ವ ಒಳಗೆ ಬಂದು ಒಲೆಯ ಮುಂದೆ ಕುಸಿದಳು. ನೀರು ಕೊಟ್ಟೆ, ಕುಡಿಯಲಿಲ್ಲ.

"ನೀ ಬಂದ ದಿನಾನ ನನಗ ತಿಳದಿತ್ತವ್ವಾ," ಎಂದಳು. "ತಿಳೀದಾಂಗ ಇದ್ನಿ."

ನಾನು ಅವಳನ್ನು ತಬ್ಬಿಕೊಳ್ಳಲಿಲ್ಲ. ಆ ಎಲ್ಲ ವಾರಗಳಲ್ಲಿ ಅವಳು ಹಚ್ಚಿದ ದೀಪಗಳ ಮೇಲೂ ಸಿಟ್ಟು ಬಂತು, ಈಗಲೂ ಒಂದಿಷ್ಟು ಉಳಿದಿದೆ. ಮುಂದಿನ ವಾರ ಆ ಸಿಟ್ಟನ್ನೂ ಕಟ್ಟಿಕೊಂಡು ಇಂಡಿಯ ಬಸ್ಸು ಹತ್ತಿದೆ. ಟಿಕೀಟು ಎರಡು ತೆಗೆದುಕೊಂಡೆವು. ಮೇಡಂ ನನ್ನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿದರು, ಅವ್ವ ಕೂತಳು.