ಕೈ ತೊಳೆದು ಕೂರುತ್ತಿದ್ದ ನಂಜಣ್ಣ

ಎಲ್ಲ ಮೆಕ್ಯಾನಿಕ್ಕುಗಳೂ ಕೆಲಸ ಮುಗಿದ ಮೇಲೆ ಕೈ ತೊಳೆಯುತ್ತಾರೆ. ಕಂಪಲಾಪುರದ ನಂಜಣ್ಣ ಕೆಲಸಕ್ಕೆ ಮೊದಲೇ ತೊಳೆಯುತ್ತಿದ್ದ. ಕಾರು ಶೆಡ್ಡಿಗೆ ಬಂದ ಕೂಡಲೇ ಡ್ರಮ್ಮಿನ ನೀರಿನಲ್ಲಿ ಮೊಣಕೈವರೆಗೆ ಉಜ್ಜಿ, ಟವಲಿನಲ್ಲಿ ಒರೆಸಿಕೊಂಡು, ಹಳೆ ಟೈರಿನ ಮೇಲೆ ಕೂತು, ಓನರನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದ. ಬಾನೆಟ್ಟು ಎತ್ತುವ ಮಾತೇ ಇಲ್ಲ. "ಗಾಡಿ ಎಲ್ಲಿ ಮಲಗ್ತದೆ ಯೋಳಿ. ಏನ್ ಉಣ್ತದೆ, ಉಂಡ್ಮೇಲೆ ಎಂಗಿರ್ತದೆ?" ಎಂದು ಶುರುಮಾಡುತ್ತಿದ್ದ. ಚಿಕ್ಕಂದಿನಲ್ಲಿ ದನದ ಡಾಕ್ಟರ ಹಿಂದೆ ಔಷಧದ ಚೀಲ ಹೊತ್ತು ಊರೂರು ಸುತ್ತಿದವನು. ಆ ಪಾಠವನ್ನೇ ಕಾರಿಗೂ ತಂದಿದ್ದ.

ನನಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇನಿದೆ? ನನ್ನ ಗ್ಯಾರೇಜು ಹುಣಸೂರಿನಲ್ಲಿ, ದೊಡ್ಡ ರಸ್ತೆಗೇ ಇತ್ತು. ಮೈಸೂರಿನಲ್ಲಿ ಐಟಿಐ ಮುಗಿಸಿದ ಸರ್ಟಿಫಿಕೇಟನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಆದರೂ ಹುಣಸೂರಿನವರೇ ನನ್ನ ಬೋರ್ಡಿನ ಮುಂದೆ ಹಾದು ಕಂಪಲಾಪುರಕ್ಕೆ ಹೋಗುತ್ತಿದ್ದರು. ಪ್ರತಿ ಕಾರೂ ಹಾದು ಹೋಗುವಾಗ ನಂಬರು ನೋಡಿಕೊಳ್ಳುತ್ತಿದ್ದೆ.

ಆಗಿನ್ನೂ ಪೆಟ್ರೋಲ್ ಕಾರುಗಳಿಗೆ ಇಂಗಾಲದ ಡಬ್ಬಿ ಬರತೊಡಗಿದ್ದ ಕಾಲ. ಟ್ಯಾಂಕಿನಲ್ಲಿ ಏಳುವ ಪೆಟ್ರೋಲಿನ ಆವಿ ಗಾಳಿಗೆ ಸೇರದಂತೆ ಆ ಡಬ್ಬಿಯ ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಒಂದು ವಾಲ್ವ್ ತೆರೆದು ಆ ಆವಿಯನ್ನು ಎಳೆದುಕೊಂಡು ಉರಿಸುತ್ತದೆ. ಡಬ್ಬಿ ಉಸಿರಾಡಲು ಹೊರಗಡೆಗೆ ಒಂದು ಸಣ್ಣ ಪೈಪು. ಇಷ್ಟನ್ನೂ ನಾನು ಮೈಸೂರಿನ ಟ್ರೈನಿಂಗಿನಲ್ಲಿ ಕಲಿತಿದ್ದೆ. ನಂಜಣ್ಣ ಟ್ರೈನಿಂಗಿಗೆ ಹೋದವನೇ ಅಲ್ಲ.

ರಾವಂದೂರಿನ ನಮ್ಮ ಮಾವ ಹೊಗೆಸೊಪ್ಪಿನ ದುಡ್ಡು ಬಂದ ವರ್ಷ ಅಂಥದೊಂದು ಕಾರು ಕೊಂಡರು. ಮೈಸೂರಿಗೆ ಹೊರಟರೆ ಬಿಳಿಕೆರೆ ದಾಟುತ್ತಲೇ ನಿಂತುಬಿಡುತ್ತಿತ್ತು. ಅಳಿಯನೇ ಮೆಕ್ಯಾನಿಕ್ ಇರುವಾಗ ಬೇರೆಯವರೇಕೆ ಎಂದು ಸಡಗರದಿಂದ ನನಗೇ ತಂದುಕೊಟ್ಟರು. ಫಿಲ್ಟರ್ ಬದಲಾಯಿಸಿದೆ, ಪೆಟ್ರೋಲ್ ಪಂಪು ಬದಲಾಯಿಸಿದೆ, ವೈರು ಬಿಚ್ಚಿ ಕಟ್ಟಿದೆ. ಮೂರು ಸಲ ಸರಿ ಮಾಡಿ ಕೊಟ್ಟೆ, ಮೂರು ಸಲವೂ ಬಿಳಿಕೆರೆಯಾಚೆ ನಿಂತಿತು. ನಾಲ್ಕನೆಯ ಸಲ ಮಾವ ಕಾರನ್ನು ಕಂಪಲಾಪುರಕ್ಕೆ ತಿರುಗಿಸಿದರು. ನಾನೂ ಜೊತೆಗೇ ಕೂತಿದ್ದೆ, ಅದೇ ನನ್ನ ಹಣೆಬರಹ.

ನಂಜಣ್ಣ ಕೈ ತೊಳೆದು ಬಂದು ಕೂತ.

"ನಿಂತೋದಾಗ ನೀವೇನ್ ಮಾಡ್ತೀರಿ ಗೌಡ್ರೇ?"

"ಏನ್ ಮಾಡಾದು? ಟ್ಯಾಂಕ್ ಮುಚ್ಚಳ ತಗ್ದು ಎಣ್ಣೆ ಅದಾ ಅಂತ ಬಗ್ಗಿ ನೋಡ್ತೀನಿ. ಮುಚ್ಚಿ ಸ್ಟಾಟ್ ಮಾಡುದ್ರೆ ಒಂಟೋಯ್ತದೆ."

"ತಗ್ದಾಗ ಉಸ್ ಅಂತದಾ?"

"ಅಂತದೆ ಕಣಪ್ಪ. ಜೋರಾಗೇ ಅಂತದೆ."

"ಗಾಡಿ ಎಲ್ಲಿ ಮಲಗ್ತದೆ?"

"ಹಳೇ ಬ್ಯಾರನ್ನಾಗೆ."

ಹೊಗೆಸೊಪ್ಪು ಹದ ಮಾಡುವ ಕಟ್ಟಡಕ್ಕೆ ನಮ್ಮ ಕಡೆ ಬ್ಯಾರನ್ ಅನ್ನುತ್ತಾರೆ. ಬೆಂಕಿ ಹಾಕದೆ ಬಿಟ್ಟ ಬ್ಯಾರನ್ನಿನ ಗೋಡೆ ತುಂಬ ಕಣಜದ ಹುಳು ಮಣ್ಣಿನ ಗೂಡು ಕಟ್ಟುತ್ತದೆ. ನಂಜಣ್ಣ ಎದ್ದು ಕಾರಿನ ಅಡಿಗೆ ಹೋದ. ಸೈಕಲ್ಲಿನ ಕಡ್ಡಿಯೊಂದನ್ನು ಆ ಡಬ್ಬಿಯ ಉಸಿರಿನ ಪೈಪಿಗೆ ತೂರಿಸಿ ಕೆದಕಿದ. ಒಣಗಿದ ಮಣ್ಣು ಉಂಡೆ ಉಂಡೆಯಾಗಿ ಉದುರಿತು. ಗಾಳಿ ಒಳಗೆ ಹೋಗಲು ದಾರಿಯಿಲ್ಲದೆ ಟ್ಯಾಂಕು ಪೆಟ್ರೋಲನ್ನೇ ಬಿಟ್ಟುಕೊಡುತ್ತಿರಲಿಲ್ಲ. ಮುಚ್ಚಳ ತೆಗೆದಾಗ ಉಸ್ ಅನ್ನುತ್ತದೆಂದು ಮಾವ ನನಗೆ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಆ ಭಾನುವಾರ ಊಟಕ್ಕೆ ಕೂತಾಗ ಮಾವ ನೆಂಟರಿಗೆಲ್ಲ ಈ ಕತೆ ಹೇಳಿ, "ನಮ್ಮಳೀಂದ್ರು ಇನ್ನೂ ಕಲೀತಾವ್ರೆ" ಅಂದರು. ನನ್ನ ಹೆಂಡತಿ ಜಯ ಸಾರು ಬಡಿಸುತ್ತ, "ನೀವೂ ಒಸಿ ಮೊದ್ಲೇ ಕೈ ತೊಳ್ಕಳಿ" ಅಂದಳು. ಎಲ್ಲರೂ ನಕ್ಕರು.

ಅವನಂತೆ ಮಾಡಲು ನೋಡಿದ್ದೂ ಉಂಟು. ಎಚ್.ಡಿ. ಕೋಟೆ ಕಡೆಯ ಗಿರಾಕಿಯೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಗಾಡಿ ಎಲ್ಲಿ ಮಲಗುತ್ತದೆ ಎಂದು ಗಂಭೀರವಾಗಿ ಕೇಳಿದೆ. "ನಿಮ್ ಗ್ಯಾರೇಜ್ನಾಗೇ ಕಣ್ರೀ, ಹದಿನೈದ್ ದಿವ್ಸದಿಂದ" ಅಂದರು. ಅಲ್ಲಿಗೆ ಆ ವಿದ್ಯೆ ಕೈಬಿಟ್ಟೆ.

ನನ್ನ ವಿಷಯ ಯಾರಾದರೂ ಎತ್ತಿದರೆ ನಂಜಣ್ಣ, "ಒಳ್ಳೊಳ್ಳೆ ಸಾಮಾನು ಮಡಗವ್ನೆ" ಅನ್ನುತ್ತಿದ್ದನಂತೆ. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವನ ಬಾಯಲ್ಲಿ ನನ್ನ ಬಗ್ಗೆ, ನನ್ನ ಸಾಮಾನಿನ ಬಗ್ಗೆ ಅಲ್ಲ, ಒಂದು ಒಳ್ಳೆಯ ಮಾತು ಬರಬೇಕು ಎಂಬ ಆಸೆ ನನ್ನನ್ನು ಕೊರೆಯುತ್ತಿತ್ತು. ಮಾವನ ಮೆಚ್ಚಿಗೆಗಿಂತ ಅದೇ ದೊಡ್ಡದಾಗಿಬಿಟ್ಟಿತ್ತು.

ಕೆಲವು ವರ್ಷ ಕಳೆದು ಕಾರಿನ ದೋಷ ಓದಿ ಹೇಳುವ ಸ್ಕ್ಯಾನರ್ ತಂದೆ. ಹುಣಸೂರಿನಲ್ಲಿ ನನ್ನದೇ ಮೊದಲನೆಯದು. ಒಂದು ಮಧ್ಯಾಹ್ನ ನಂಜಣ್ಣ ತಾನಾಗಿಯೇ ಒಂದು ಬೂದು ಬಣ್ಣದ ಕಾರು ಓಡಿಸಿಕೊಂಡು ನನ್ನ ಗ್ಯಾರೇಜಿಗೆ ಬಂದ. ಪಿರಿಯಾಪಟ್ಟಣದ ಮೇಷ್ಟ್ರೊಬ್ಬರ ಕಾರು.

"ರಾಜು, ಇದು ಉಂಡ್ಮೇಲೇ ಮುನಿಸ್ಕತ್ತದೆ ಕಣ್ಲಾ. ಬಂಕ್ನಾಗೆ ಪೆಟ್ರೋಲ್ ಆಕುಸ್ದೇಟ್ಗೆ ಸ್ಟಾಟೇ ಆಗಕಿಲ್ಲ. ಬಾಕಿ ಒತ್ನಾಗೆ ಏನೂ ಇಲ್ಲ. ಡಬ್ಬಿ ನೋಡ್ದೆ, ಪೈಪ್ ನೋಡ್ದೆ, ವಾಲ್ವ್ ಬಿಚ್ಚಿ ಊದೂ ನೋಡ್ದೆ, ಸರಿಯಾಗದೆ. ನಿನ್ ಮಿಷನ್ ಏನಂತದೆ ಒಸಿ ನೋಡು" ಅಂದ.

ಎಂಜಿನ್ ಕಾದಿತ್ತು. ಸ್ಕ್ಯಾನರ್ ಸಿಕ್ಕಿಸಿ, ಆ ವಾಲ್ವಿಗೆ ಮುಚ್ಚಿಕೋ ಎಂದು ಆಜ್ಞೆ ಕೊಟ್ಟೆ. ಮುಚ್ಚಲಿಲ್ಲ. ನಂಜಣ್ಣ ಊದಿ ನೋಡಿದಾಗಿನಂತೆ ತಣ್ಣಗಿದ್ದರೆ ಸರಿಯಿದ್ದು, ಬಿಸಿಯಾದಾಗ ತೆರೆದೇ ಉಳಿಯುತ್ತಿತ್ತು. ಟ್ಯಾಂಕು ತುಂಬುವಾಗ ಏಳುವ ಆವಿಯೆಲ್ಲ ನೇರ ಎಂಜಿನ್ನಿಗೆ ನುಗ್ಗಿ ಉಸಿರುಕಟ್ಟಿಸುತ್ತಿತ್ತು. ನಂಜಣ್ಣ ಬರೀ ಕೇಳಿ ಕೇಳಿಯೇ ಉತ್ತರದ ಬಾಗಿಲ ತನಕ ಬಂದಿದ್ದ. "ಬಿಸಿಯಿದ್ದಾಗ ಊದಿ ನೋಡಿ ನಂಜಣ್ಣ" ಎಂದು ನಾನು ಅಂದಿದ್ದರೆ ಮುಗಿಯುತ್ತಿತ್ತು.

ಅವನು ಪರದೆಯ ಇಂಗ್ಲಿಷನ್ನು ನೋಡುತ್ತ ನನ್ನ ಪಕ್ಕದಲ್ಲೇ ನಿಂತಿದ್ದ. ಅದು ಅವನಿಗೆ ಓದಲು ಬರುತ್ತಿರಲಿಲ್ಲ.

"ಮಿಷನ್ನಿಗೂ ಗೊತ್ತಾಗ್ತಿಲ್ಲ ನಂಜಣ್ಣ" ಅಂದೆ.

"ಓಗ್ಲಿ ಬುಡು" ಅಂದು ಅವನು ಕಾರು ತೆಗೆದುಕೊಂಡು ಹೋದ. ತನ್ನ ಕೈಲಾಗದು ಎಂದು ಮೇಷ್ಟ್ರಿಗೆ ಒಪ್ಪಿಸಿದ. ಅವರು ಅದನ್ನು ಮೈಸೂರಿಗೆ ಒಯ್ದರು, ಅಲ್ಲಿ ಅರ್ಧ ಗಂಟೆಯಲ್ಲಿ ವಾಲ್ವ್ ಬದಲಾಯಿಸಿ ಕಳಿಸಿದರು. ಸುದ್ದಿ ಟೀ ಅಂಗಡಿಗಳಲ್ಲಿ ತಾನೇ ಓಡಾಡಿತು. ಹೊಸ ಗಾಡಿಗಳು ನಂಜಣ್ಣನಿಗೆ ಅರ್ಥವಾಗುವುದಿಲ್ಲ ಎಂದರು ಜನ. ವರ್ಷ ತುಂಬುವಷ್ಟರಲ್ಲಿ ಕಂಪಲಾಪುರದವರೇ ಅವನ ಶೆಡ್ಡು ದಾಟಿ ನನ್ನಲ್ಲಿಗೆ ಬರತೊಡಗಿದರು. ನನಗೆ ಬೇಕಾಗಿದ್ದೂ ಅದೇ. ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಅವನನ್ನು ಕೊನೆಯ ಸಲ ನೋಡಿದ್ದು ಅವನ ಮನೆಯಲ್ಲಿ, ತೀರಿಕೊಳ್ಳುವುದಕ್ಕೆ ಹತ್ತು ದಿನ ಮೊದಲು. ಮೂತ್ರಪಿಂಡದ ಕಾಯಿಲೆಯಿಂದ ಮುಖ ಊದಿಕೊಂಡಿತ್ತು. ಪಕ್ಕದಲ್ಲಿ ಗುರುಪುರದ ಒಬ್ಬರು ಕೂತಿದ್ದರು, ಹಳೆಯ ಗಿರಾಕಿ. ಮುಂದೆ ತಮ್ಮ ಕಾರನ್ನು ಯಾರ ಕೈಗೆ ಕೊಡುವುದು ಎಂದು ಕೇಳುತ್ತಿದ್ದರಂತೆ. ನಾನು ಒಳಗೆ ಕಾಲಿಡುತ್ತಲೇ ನಂಜಣ್ಣ ದಿಂಬಿನಿಂದ ತಲೆಯೆತ್ತಿದ.

"ಕ್ವಾ, ಬಂದ ನೋಡಿ. ಇವ್ನ್ ಕೈಗೇ ಕೊಡಿ. ಎಲ್ಲಾ ಮೆಕ್ಯಾನಿಕ್ಕೂ ಗೊತ್ತಿಲ್ದಿದ್ರೂ ಗೊತ್ತು ಅಂತಾರೆ ಕಣ್ರೀ, ನಾನೂ ಅಂದಿವ್ನಿ. ಇವ್ನು ಅಷ್ಟ್ ದೊಡ್ ಮಿಷನ್ ಮುಂದೆ ನಿಂತ್ಕಂಡು, ಅದೂ ನನ್ನೆದ್ರಿಗೇ, ಗೊತ್ತಾಗ್ತಿಲ್ಲ ಅಂದ. ಅಂಗನ್ನೋಕೆ ಗುಂಡ್ಗೆ ಬೇಕು. ಸುಳ್ ಯೋಳೋ ಪೈಕಿ ಅಲ್ಲ ಇವ್ನು."

ಗುರುಪುರದವರು ಎದ್ದು ನನಗೆ ಕೈಮುಗಿದರು. ನಾನೂ ಕೈಮುಗಿದೆ.