ಹೆಸರಿಲ್ಲದ ಪಾತ್ರೆ

ಹಂಗಾರಕಟ್ಟೆಯಲ್ಲಿ ಯಾರ ಮನೆಯಲ್ಲಿ ಸೀನಿದ ಸದ್ದಾದರೂ ಸೆವ್ರಿನ್ ಬಾಯಿ ಕಷಾಯ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಪವಿತ್ರ ಗುರುವಾರ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ಪಾಠ ಕೇಳಿ ಅವರು ಇಗರ್ಜಿಯಿಂದ ಹೊರಟರೆಂದರೆ, ದಾರಿಯುದ್ದಕ್ಕೂ ನೆರೆಯವರು ಕಾಲು ಮಡಚಿ ಕೂರುತ್ತಾರೆ. ಇಷ್ಟೆಲ್ಲ ಮಾಡಿ ಕೊನೆಗೆ ಉಪಕಾರ ಸ್ಮರಿಸುವವರೂ ಅವರೇ. ಮೀನು ಮಾರುವ ಪದ್ದುವಿನ ತಲೆಯಿಂದ ಬುಟ್ಟಿ ಇಳಿಸಿಕೊಟ್ಟು, "ದೊಡ್ಡ ಉಪಕಾರ ಆಯ್ತ್ ಪದ್ದು" ಎನ್ನುತ್ತಾರೆ. "ಹ್ವಾಯ್ ಬಾಯಮ್ಮ, ಬುಟ್ಟಿ ಇಳ್ಸಿದ್ದ್ ನೀವ್, ಹೇಳ್ಕಾದ್ದ್ ನಾನಲ್ದಾ? ನಿಮ್ಗೆಂತ ಮರ್ಲಾ?" ಎಂದು ಪದ್ದು ನಗುತ್ತಾಳೆ. ಉಪಕಾರ ಯಾರಿಗೆ ಹೇಳಬೇಕೆಂದು ಬಾಯಮ್ಮನಿಗೂ ಗೊಂದಲವೇ. ಗಂಡ ತೀರಿಕೊಂಡಾಗ ಅವರು ಒಂದು ವಾರ ಹಾಸಿಗೆಯಿಂದ ಎದ್ದಿರಲಿಲ್ಲ. ದಿನಾ ಬೆಳಿಗ್ಗೆ ಯಾರೋ ಬಾಗಿಲಲ್ಲಿ ಬಿಸಿ ಗಂಜಿ, ಒಣಮೀನಿನ ಚಟ್ನಿ ಇಟ್ಟು ಹೋಗುತ್ತಿದ್ದರು. ಊರಿನ ಸ್ಟೀಲ್ ಪಾತ್ರೆಗಳಿಗೆಲ್ಲ ಮನೆಯವರ ಹೆಸರು ಕೊರೆಸಿರುತ್ತದೆ. ಆ ಪಾತ್ರೆಗೆ ಮಾತ್ರ ಹೆಸರಿರಲಿಲ್ಲ. "ದೇವರೇ ಇಟ್ಟದ್ದು ಅಂತ ತಿಳ್ಕೊಳ್ಳಿ" ಎಂದರು ಪಾದ್ರಿಗಳು. "ದೇವ್ರ್ ಚಟ್ನಿಗೆ ಅಷ್ಟ್ ಖಾರ ಹಾಕ್ತ್ರಾ ಫಾದರ್?" ಎಂದು ಬಾಯಿ ಕೇಳಿದರು. ಪಾತ್ರೆ ಹಿಡಿದು ಬಾಯಿ ಮನೆಮನೆಗೂ ಹೋಗಿ ವಿಚಾರಿಸಿದರು. ಎಲ್ಲರೂ "ನಾನಲ್ಲ" ಎಂದರು. ಹಾಗಾದರೆ ಊರಿನಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂಬುದಷ್ಟೇ ಬಾಯಿಗೆ ಖಚಿತವಾಯಿತು. ಆ ಪುಣ್ಯಾತ್ಮರು ಯಾರೆಂದು ಗೊತ್ತಾಗುವ ತನಕ ಒಬ್ಬರನ್ನಾದರೂ ಸೇವೆ ಮಾಡದೆ, ಉಪಕಾರ ಹೇಳದೆ ಬಿಡುವುದು ಹೇಗೆ? ಬಿಟ್ಟದ್ದು ಅವರನ್ನೇ ಆಗಿಬಿಟ್ಟರೆ?